ಗಾಣದೆತ್ತಿನ ತಟ್ಟೆ

ನಾನು ಜೀವಮಾನದಲ್ಲಿ ಯಾರನ್ನೂ ಕತ್ತೆ ಎಂದವನಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೆ. ನಮ್ಮೂರಿನ ಮಿಡ್ಲ್ ಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು, ಮಾವಿನಹಣ್ಣು ಬಿಡಿಸಿ ಎಂದರೆ ಕುಂಬಳಕಾಯಿ ಬಿಡಿಸುವ ಹುಡುಗರ ನಡುವೆ ಬಾಳಿ, ಹಾಗೆ ಹೇಳಬಲ್ಲವನು ನಾನೊಬ್ಬನೇ. ಬೇರೆ ಊರಿನವರಿಗೆ ಇದೇನು ಮಹಾ ಅನ್ನಿಸಬಹುದು. ಅವರೂರಲ್ಲಿ ಬೈಗುಳ ಬೈದ ಮೇಲೆ ಗಾಳಿಗೆ ಹೋಗುತ್ತದೆ. ನಮ್ಮೂರಲ್ಲಿ ಯಾರನ್ನಾದರೂ ಸಿಟ್ಟಿನಿಂದ ಕತ್ತೆ ಎಂದರೆ ಅವತ್ತು ದೀಪ ಹಚ್ಚುವ ಹೊತ್ತಿಗೆ ಅವರ ಮನೆ ಬಾಗಿಲಲ್ಲಿ ಒಂದು ಕತ್ತೆ ಬಂದು ನಿಂತಿರುತ್ತದೆ. ಗೂಬೆ ಎಂದರೆ ಗೂಬೆ, ಕೋತಿ ಎಂದರೆ ಕೋತಿ. ಅಟ್ಟಿದರೆ ಬೀದಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತದೆ.

ಕಳಿಸುವುದಕ್ಕೆ ಇರುವುದು ಒಂದೇ ದಾರಿ. ಯುಗಾದಿಯ ಮಾರನೆಯ ದಿನ ಮಧ್ಯಾಹ್ನ ಛತ್ರದಲ್ಲಿ ತಟ್ಟೆಕೂಟ ನಡೆಯುತ್ತದೆ. ಬೈದವರು ಆ ಪ್ರಾಣಿಯನ್ನು ಕುರುಕಲು ತಿಂಡಿಯಲ್ಲಿ, ತಮ್ಮ ಕೈಯಾರೆ, ತಟ್ಟೆಯ ಮೇಲೆ ಮಾಡಿ ತರಬೇಕು. ಬೈಸಿಕೊಂಡವರ ಮುಂದೆ ಅದನ್ನಿಟ್ಟು, ‘ಕತ್ತೆ ತಟ್ಟೆಯಲ್ಲಿದೆ, ನೀನು ಕತ್ತೆಯಲ್ಲ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಬೈಸಿಕೊಂಡವರು ಒಂದು ಕಾಳೂ ಬಿಡದೆ ತಿನ್ನಬೇಕು, ತಿಂದಾದ ಮೇಲೆ ‘ಮುಗಿಯಿತು’ ಎನ್ನುವುದು ವಾಡಿಕೆ. ಅಷ್ಟಾದರೆ ಸಂಜೆಯೊಳಗೆ ಪ್ರಾಣಿ ಹೊರಟುಹೋಗುತ್ತದೆ. ಅದು ಬಂದ ಮೇಲಿನ ಮೊದಲ ಕೂಟದಲ್ಲಿ ತಟ್ಟೆ ಆಗದಿದ್ದರೆ ಮುಂದೆ ಸಾಯುವ ತನಕ ಅದು ಅಲ್ಲೇ. ಇನ್ನೊಂದು ವಿಷಯ, ಪ್ರಾಣಿ ಇರುವಷ್ಟು ದಿನ ಆ ಮನುಷ್ಯ ಊರಗಡಿಯ ಕಲ್ಲು ದಾಟುವ ಹಾಗಿಲ್ಲ. ದಾಟುತ್ತೇನೆಂದರೂ ಕಾಲು ಬರುವುದಿಲ್ಲ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಹಿಂದಿನ ಬೀದಿಯ ಗಂಡ ಹೆಂಡತಿ ಹಾಲಿನ ಆಸೆಗೆ ಮಾತಾಡಿಕೊಂಡು ಒಬ್ಬರನ್ನೊಬ್ಬರು ಎಮ್ಮೆ ಎಂದು ಬೈದು ನೋಡಿದರು. ಒಂದು ಕರುವೂ ಬರಲಿಲ್ಲ. ಸುಳ್ಳು ಸಿಟ್ಟಿಗೆ ಎಮ್ಮೆ ಬರುವುದಿಲ್ಲ ಎಂದು ತಿಳಿದ ಮೇಲೆ ಇಬ್ಬರೂ ನಿಜವಾಗಿ ಜಗಳವಾಡುವುದನ್ನು ಕಲಿತರು. ಈಗ ಆ ಮನೆಯಲ್ಲಿ ನೆಮ್ಮದಿಯಿಲ್ಲ, ಮೊಸರಿಗೆ ಬರವಿಲ್ಲ. ಪುರಸಭೆಯ ಸದಸ್ಯರೊಬ್ಬರನ್ನು ಯಾರೋ ಊಸರವಳ್ಳಿ ಎಂದರು. ಅದು ಅವರ ಹೆಗಲ ಮೇಲೆ ಕೂತು ಸಭೆಗೆ ಬರುತ್ತದೆ. ಅವರು ಯಾರ ಕಡೆ ಕೈ ಎತ್ತುತ್ತಾರೆಂದು ಅದರ ಬಣ್ಣ ನೋಡಿ ಮೊದಲೇ ತಿಳಿಯುವುದರಿಂದ ಆಡಳಿತ ಮೊದಲಿಗಿಂತ ಸುಧಾರಿಸಿದೆ. ಟೈಲರ್ ಹುಚ್ಚೀರಪ್ಪನದು ಬೇರೆ ಕಥೆ. ಹನ್ನೆರಡು ವರ್ಷದ ಹಿಂದೆ ಮದುವೆ ಗಂಡಿನ ಕೋಟಿನ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿ, ‘ಥೂ, ನಾನೊಂದು ಕತ್ತೆ’ ಎಂದುಕೊಂಡ. ಕತ್ತೆ ಬಂತು. ತಾನೇ ಅಂದುಕೊಂಡದ್ದಲ್ಲವೇ ಎಂದು ಕೂಟದಲ್ಲಿ ತಾನೇ ತಟ್ಟೆ ಮಾಡಿ, ತಾನೇ ತಿಂದ. ಕತ್ತೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಈಗಲೂ ಅವನ ಅಂಗಡಿ ಮುಂದೆ ನಿಂತಿದೆ, ಬಟ್ಟೆಯ ಗಂಟು ಹೊರುತ್ತದೆ.

ನಮ್ಮ ಶಾಲೆಯಲ್ಲಿ ನಾನು ಸೇರುವ ಮೊದಲು ಮೇಷ್ಟ್ರುಗಳ ಬಾಯಿಯಿಂದಾಗಿ ಆಟದ ಮೈದಾನವೇ ಕತ್ತೆಗಳ ಪಾಲಾಗಿತ್ತಂತೆ. ನಾನು ಬೇರೆ ದಾರಿ ಕಂಡುಕೊಂಡೆ. ‘ನೀನು ಅರ್ಧ ಅಳಿಸಿದ ಗೆರೆ ಕಣೋ’ ಎನ್ನುತ್ತಿದ್ದೆ. ‘ನೀರು ಹೆಚ್ಚಾದ ಬಣ್ಣ ನೀನು’ ಎನ್ನುತ್ತಿದ್ದೆ. ಕತ್ತೆ ಎಂದರೆ ಅಳದ ಹುಡುಗರೂ ಇದಕ್ಕೆ ಅಳುತ್ತಿದ್ದರು. ಅಳಲಿ, ಪ್ರಾಣಿಯಂತೂ ಬರಲಿಲ್ಲವಲ್ಲ.

ರಿಟೈರಾದ ಮೇಲೆ ತಟ್ಟೆಕೂಟಕ್ಕೆ ನಾನಿಲ್ಲದೆ ಆಗುತ್ತಿರಲಿಲ್ಲ. ಯುಗಾದಿಗೆ ಹದಿನೈದು ದಿನವಿದ್ದ ಹಾಗೆ ನಮ್ಮ ಜಗುಲಿಯ ಮೇಲೆ ಜನ ಸಾಲುಗಟ್ಟುತ್ತಿದ್ದರು. ಅತ್ತೆಯನ್ನು ಜಿಗಣೆ ಎಂದ ಸೊಸೆ, ಅಣ್ಣನನ್ನು ನರಿ ಎಂದ ತಮ್ಮ, ಎಲ್ಲರಿಗೂ ನಾನು ಕಾಗದದ ಮೇಲೆ ನಕ್ಷೆ ಬರೆದುಕೊಡುತ್ತಿದ್ದೆ. ಬೆಕ್ಕಿನ ಕಿವಿಗೆ ನಿಪ್ಪಟ್ಟನ್ನು ಎಲ್ಲಿ ಮುರಿಯಬೇಕು, ಹಲ್ಲಿಯ ಮೈಗೆ ಎಂಥ ಸೌತೆಕಾಯಿ, ಕೋತಿಯ ಬಾಲಕ್ಕೆ ತೇಂಗೊಳಲು ಎಷ್ಟು ಉದ್ದ ಇರಬೇಕು, ಎಲ್ಲ ಲೆಕ್ಕಾಚಾರವಾಗಿ. ನಾನು ಮಾತ್ರ ತಿಂಡಿ ಮುಟ್ಟುತ್ತಿರಲಿಲ್ಲ. ಕೂಟದ ದಿನ ಯಜಮಾನರ ಪಕ್ಕದ ಕುರ್ಚಿಯಲ್ಲಿ ಕೂತು, ‘ಹಂದಿಯ ಮೂತಿ ಸರಿ ಬಂದಿದೆ, ಕಿವಿ ಮೊಲದ್ದಾಯಿತು’ ಎಂದು ಹೇಳುತ್ತಿದ್ದೆ. ಹೆಂಗಸರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ಕಲೆ ಎಂದ ಮೇಲೆ ವಿಮರ್ಶೆ ಇರಬೇಕು.

ಜಗುಲಿಯ ಜನಕ್ಕೆಲ್ಲ ಕಾಫಿ ನನ್ನ ಹೆಂಡತಿ ಸರ್ವಮಂಗಳಳದು. ಅವಳದು ಮಾತು ಕಡಿಮೆ. ಮಾತು ಕಡಿಮೆಯವರ ಜೊತೆ ಸಂಸಾರ ಸುಲಭ ಎಂದು ನಾನು ತಿಳಿದಿದ್ದೆ. ನಮಗೆ ಮದುವೆಯಾಗಿ ಮೂವತ್ತನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ನಾನು ಅವಳನ್ನು ಒಂದು ಇರುವೆ ಎಂದೂ ಕರೆದಿಲ್ಲ.

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಗಳು ಐದಾರು ಜನ ಬಂದಿದ್ದರು. ಆನೆಯ ಮಂಡಿ ಯಾವ ಕಡೆ ಬಾಗುತ್ತದೆ ಎಂಬುದರ ಬಗ್ಗೆ ನಾನು ಅವರಿಗೆ ವಿವರಿಸುತ್ತಿದ್ದೆ. ವಿಷಯ ದೊಡ್ಡದಾದ್ದರಿಂದ ಮೂರನೆಯ ಸಲ ಕಾಫಿಗೆ ಹೇಳಿದೆ. ಅವಳು ಲೋಟಗಳನ್ನು ತಂದಿಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

“ಮೂವತ್ತನಾಲ್ಕು ವರ್ಷದಿಂದ ಸುತ್ತುತಾನೇ ಇದೀನಿ,” ಎಂದಳು. ದನಿ ಎತ್ತಲಿಲ್ಲ. “ಹೆಂಗಸಲ್ಲ ನಾನು. ಗಾಣದೆತ್ತು.”

ಹುಡುಗರು ಲೋಟದೊಳಗೆ ನೋಡತೊಡಗಿದರು. ನಾನು ಒಂದು ಗುಟುಕು ಕುಡಿದು, “ಸಕ್ಕರೆ ಸ್ವಲ್ಪ ಕಡಿಮೆ ಇರಬೇಕಿತ್ತು,” ಎಂದೆ. ತಪ್ಪೇನೂ ಹೇಳಲಿಲ್ಲ. ಸಕ್ಕರೆ ನಿಜವಾಗಿಯೂ ಜಾಸ್ತಿಯಾಗಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಲ್ಲಿ ಗಂಟೆಯ ಸದ್ದು. ಹೋಗಿ ನೋಡಿದರೆ ಬಿಳಿಯ ಎತ್ತು, ಕೊರಳಲ್ಲಿ ಗಂಟೆ, ಕಣ್ಣಿಗೆ ಗೋಣಿಯ ಪಟ್ಟಿ ಕಟ್ಟಿದೆ. ಕರಿಬೇವಿನ ಮರದ ಸುತ್ತ ಸುತ್ತುತ್ತಿದೆ. ಗಾಣವೂ ಇಲ್ಲ, ನೊಗವೂ ಇಲ್ಲ, ಹೊಡೆಯುವವರೂ ಇಲ್ಲ.

ಎರಡು ದಿನದಲ್ಲಿ ಅದರ ಲೆಕ್ಕ ತಿಳಿಯಿತು. ಸರ್ವಮಂಗಳ ಕೆಲಸ ಮಾಡುತ್ತಿದ್ದರೆ ಎತ್ತು ಸುತ್ತುತ್ತದೆ. ಅವಳು ಕೂತರೆ ನಿಲ್ಲುತ್ತದೆ, ಮಲಗಿದರೆ ಮಲಗುತ್ತದೆ. ನಾನು ಏಳುವ ಮೊದಲೇ ಗಂಟೆ ಕೇಳುತ್ತಿತ್ತು, ಮಲಗಿ ಕಣ್ಣು ಮುಚ್ಚಿದ ಮೇಲೂ ಕೇಳುತ್ತಿತ್ತು. ಎತ್ತಿಗೆ ಹುಲ್ಲು ಹಾಕಬೇಕು, ಕಲಗಚ್ಚು ಕೊಡಬೇಕು, ಸಗಣಿ ಬಾಚಬೇಕು. ಇದರಿಂದ ಅವಳ ಕೆಲಸ ಹೆಚ್ಚಾಯಿತು. ಅವಳ ಕೆಲಸ ಹೆಚ್ಚಾದ್ದರಿಂದ ಎತ್ತು ಇನ್ನಷ್ಟು ಸುತ್ತಿತು.

ನನಗೆ ಮಾತ್ರ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಅಂಥ ಮಾಡೆಲ್ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ನಲವತ್ತೆರಡು ಚಿತ್ರ ಬರೆದೆ. ತೊಂದರೆ ಒಂದೇ, ಅದು ನಿಲ್ಲುತ್ತಿರಲಿಲ್ಲ.

“ಒಂದು ಗಳಿಗೆ ಕೂತ್ಕೊಳ್ಳೇ,” ಎಂದು ಅಡುಗೆಮನೆಯ ಕಡೆ ಕೂಗುತ್ತಿದ್ದೆ. “ಎತ್ತು ನಿಲ್ಲಲಿ, ಹಿಂಗಾಲು ಬರೆಯೋದಿದೆ.”

“ಹಾಲು ಒಲೆ ಮೇಲಿದೆ,” ಎನ್ನುತ್ತಿದ್ದಳು.

ಮಾಘ ಕಳೆಯಿತು. ಕರಿಬೇವಿನ ಸುತ್ತ ನೆಲ ಗೇಣುದ್ದ ತಗ್ಗಾಗಿತ್ತು. ಒಂದು ದಿನ ಅವಳು ಸೊಪ್ಪು ಬಿಡಿಸುತ್ತ, “ಗೌರಕ್ಕ ಕಾಗದ ಬರೆದಿದಾಳೆ,” ಎಂದಳು. ಗೌರಾಂಬಿಕೆ ಅವಳ ಅಕ್ಕ, ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಲ್ಲಿದ್ದಾಳೆ. “ಯುಗಾದಿ ಆದ ಮೇಲೆ ಸಮುದ್ರ ನೋಡೋಕೆ ಹೋಗೋಣ ಅಂತ. ಎತ್ತು ಹೋದ್ರೆ ಹೋಗ್ತೀನಿ.”

“ಹೋಗು, ಯಾರು ಬೇಡ ಅಂದ್ರು?” ಎಂದೆ. “ನೀನೇ ಅಂದುಕೊಂಡದ್ದು. ನೀನೇ ಮಾಡು, ನೀನೇ ತಿನ್ನು.”

ಅವಳು ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿಕೊಂಡು ಎದ್ದಳು. “ಹುಚ್ಚೀರಪ್ಪಂದು ಹೋಯ್ತಾ?” ಎಂದಳು. ಹಿತ್ತಿಲಲ್ಲಿ ಗಂಟೆ ಶುರುವಾಯಿತು.

ಹುಚ್ಚೀರಪ್ಪನದು ಹೋಗಿರಲಿಲ್ಲ, ಅದು ನನಗೂ ಗೊತ್ತಿತ್ತು. ಹಾಗಾಗಿ ಕೂಟದ ಯಜಮಾನರಾದ ರುದ್ರಮುನಿಯಪ್ಪನವರ ಬಳಿ ಹೋದೆ. ಎಂಬತ್ತು ದಾಟಿದವರು, ಹಿಂದೆ ಪೋಸ್ಟ್‌ಮಾಸ್ಟರ್ ಆಗಿದ್ದವರು, ಯಾವ ಮಾತಿಗೂ ಅವಸರವಿಲ್ಲ. ನಾನು ಎಲ್ಲ ಹೇಳಿ, ನಿಯಮದಲ್ಲಿ ಏನಾದರೂ ದಾರಿ ಇದೆಯೇ ಎಂದು ಕೇಳಿದೆ.

“ಬೈದವರು ಯಾರು ಅಂದ್ರಿ?”

“ಅವಳೇ, ತನ್ನನ್ನ ತಾನೇ. ನಾನು ಬಾಯಿ ಬಿಡಲಿಲ್ಲ. ಬೇಕಾದ್ರೆ ಹುಡುಗರನ್ನ ಕೇಳಿ.”

“ಕೇಳಿದೀನಿ,” ಎಂದರು. “ಸಕ್ಕರೆ ವಿಷಯ ಹೇಳಿದ್ರು.” ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದರು. “ಮೇಷ್ಟ್ರೇ, ಆ ಮಾತು ಆ ತಾಯಿ ಬಾಯಿಗೆ ಬರೋ ಹಾಗೆ ಮಾಡಿದ್ದು ಯಾರು?”

“ನಾನು ಯಾರನ್ನೂ ಪ್ರಾಣಿ ಅಂದವನಲ್ಲ.”

“ಅದು ಊರಿಗೆಲ್ಲ ಗೊತ್ತು. ಹುಚ್ಚೀರಪ್ಪನ ಬಾಯಲ್ಲಿ ಯಾರೂ ಆ ಮಾತು ಅನ್ನಿಸಿರಲಿಲ್ಲ, ಕತ್ತರಿ ಅವನದೇ. ಅದಕ್ಕೇ ಅವನ ತಟ್ಟೆ ಮಾಡೋಕೆ ಯಾರೂ ಇರಲಿಲ್ಲ. ಇಲ್ಲಿ ಇದಾರೆ. ನೀವು ಮಾಡಿದ್ರೆ ಎತ್ತು ಹೋಗತ್ತೆ. ಇಲ್ಲ ಅಂದ್ರೆ ಆಯಮ್ಮ ಇನ್ನು ಊರು ದಾಟೋ ಹಾಗಿಲ್ಲ. ನಿಮಗೆ ಹೇಗೆ ತೋರತ್ತೋ ಹಾಗೆ.”

ಹಾಗೆ ನೋಡಿದರೆ ನನಗೆ ಅನ್ಯಾಯವಾಗಿತ್ತು. ಒಬ್ಬ ಮನುಷ್ಯ ಆಡದ ಮಾತಿಗೆ ಅವನಿಂದ ತಟ್ಟೆ ಮಾಡಿಸುವುದೆಂದರೆ ಏನು? ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಮನೆ ತಲುಪುವ ಹೊತ್ತಿಗೆ ಒಂದು ಸಮಾಧಾನ ಸಿಕ್ಕಿತು. ಮಾಡಲೇಬೇಕಾದರೆ ಊರು ಕಂಡಿರದಂಥ ತಟ್ಟೆ ಮಾಡಬೇಕು. ತಿಂಗಳುಗಟ್ಟಲೆ ಎತ್ತನ್ನೇ ಬರೆದವನು ನಾನು. ಅವತ್ತೇ ನಕ್ಷೆಗೆ ಕೂತೆ. ಹುರಿಗಡಲೆ ಮಂಡಕ್ಕಿ ಬೆಲ್ಲದ ಪಾಕದಲ್ಲಿ ಕಟ್ಟಿದ ಮೈ, ಕೋಡುಬಳೆಯನ್ನು ಅರ್ಧಕ್ಕೆ ಮುರಿದು ಕೊಂಬು, ಸೌತೆಕಾಯಿ ಹೋಳಿನ ಕಾಲು, ಹಪ್ಪಳದ ಚೂರಿನ ಕಿವಿ, ಒಣದ್ರಾಕ್ಷಿಯ ಕಣ್ಣು, ಕಣ್ಣಿನ ಪಟ್ಟಿಗೆ ಎರಡು ತುಂಡು ವೀಳ್ಯದೆಲೆ, ಕೊರಳ ಗಂಟೆಗೆ ಒಂದು ಗೋಡಂಬಿ. ಮುಂದಿನಿಂದ, ಪಕ್ಕದಿಂದ, ಮೇಲಿನಿಂದ, ಮೂರು ಕಡೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಇಷ್ಟು ಚೆಂದದ ಎತ್ತು ಎಂದು ನಾನೇ ಎರಡು ಸಲ ಎದ್ದು ಹೋಗಿ ನೋಡಿದೆ.

ಯುಗಾದಿಯ ದಿನ ಬೇವು ಬೆಲ್ಲ ತಿಂದು, ಅವಳು ಮಾಡಿದ ಹೋಳಿಗೆ ಉಂಡು, ಒಂದು ನಿದ್ದೆ ತೆಗೆದು, ಮೂರು ಗಂಟೆಗೆ ಅಡುಗೆಮನೆಗೆ ಕಾಲಿಟ್ಟೆ. ಸರ್ವಮಂಗಳ ಬಾಗಿಲ ಬಳಿ ಮಣೆಯ ಮೇಲೆ ಕೂತು ಕಾಲು ನೀಡಿದ್ದಳು. ಹಿತ್ತಿಲಲ್ಲಿ ಸದ್ದಿರಲಿಲ್ಲ. ಕೋಡುಬಳೆಯನ್ನು ಅಂಗಡಿಯಿಂದ ತರುವ ಹಾಗಿಲ್ಲ, ಕೊಂಡು ತಂದ ಕೊಂಬಿಗೆ ಪ್ರಾಣಿ ಮಣಿಯುವುದಿಲ್ಲ. ನಾನು ಪಂಚೆ ಎತ್ತಿ ಕಟ್ಟಿ ನಕ್ಷೆಯನ್ನು ಕಿಟಕಿಗೆ ಸಿಕ್ಕಿಸಿದೆ.

“ಅಕ್ಕಿಹಿಟ್ಟು ಎಲ್ಲಿದೆ?”

ಅವಳು ಎದ್ದು ಬಂದು ಮೇಲಿನ ಸಾಲಿನಿಂದ ಡಬ್ಬ ಇಳಿಸಿಕೊಟ್ಟು ಹೋಗಿ ಕೂತಳು.

“ಚಿರೋಟಿ ರವೆ?”

ಎದ್ದು ಬಂದಳು. ಕೊಟ್ಟಳು. ಕೂತಳು.

“ಇಂಗು ಅಂದ್ರೆ ಇದೇನಾ?”

“ಅದು ಲವಂಗದ ಪುಡಿ.” ಎದ್ದು ಬಂದಳು.

ಕೊಬ್ಬರಿ ತುರಿಯುವ ಮಣೆ, ಒಣಮೆಣಸಿನಕಾಯಿ, ಎಣ್ಣೆ, ಬಾಣಲೆ, ಜಾಲರಿ. ಹೀಗೆ ಸಾಗಿತು. ಹಿಟ್ಟು ಕಲಸುತ್ತ ನಾನು ಯಾಕೋ ತಲೆ ಎತ್ತಿದೆ. ಹಿತ್ತಿಲಲ್ಲಿ ಗಂಟೆ ನಾಲ್ಕು ಹೆಜ್ಜೆ ನಡೆದು ನಿಂತಿತು. ನಾನು ಬೇಕೆಂದೇ, “ಉಪ್ಪು?” ಎಂದೆ. ಅವಳು ಎದ್ದಳು. ಗಂಟೆ ನಡೆಯಿತು. ಕೊಟ್ಟು ಕೂತಳು. ಗಂಟೆ ನಿಂತಿತು. ಅಷ್ಟು ಹೊತ್ತಿಗೆ ನಾನು ಎಷ್ಟು ಸಲ ಕೇಳಿದ್ದೆನೋ, ಎಣಿಸಿರಲಿಲ್ಲ. ಎತ್ತು ಒಂದು ಪೂರ್ತಿ ಸುತ್ತು ಬಂದಿತ್ತು.

ಅವಳಿಗಾಗಿ ಎತ್ತನ್ನು ಕಳಿಸುವ ತಟ್ಟೆ ಮಾಡುತ್ತ ಎತ್ತನ್ನು ಸುತ್ತಿಸುತ್ತಿದ್ದೆ. ನನಗೆ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಹುಡುಗರಿಗೆ, ‘ಬರೆಯುವ ಮೊದಲು ಸರಿಯಾಗಿ ನೋಡ್ರೋ’ ಎಂದು ಹೇಳಿಕೊಟ್ಟವನು ನಾನು.

“ನೀನು ಏಳಬೇಡ,” ಎಂದೆ. “ನಾನೇ ಹುಡುಕ್ಕೋತೀನಿ.”

ಅವಳು ಕಾಲನ್ನು ಮತ್ತೆ ನೀಡಿದಳು. “ಸರಿ,” ಎಂದಳು.

ಸಾಲಿನಲ್ಲಿ ಇಪ್ಪತ್ತೇಳು ಡಬ್ಬಗಳಿದ್ದವು, ಎಲ್ಲ ಒಂದೇ ಬಣ್ಣ, ಒಂದೇ ಅಳತೆ. ಯಾವುದರ ಮೇಲೂ ಹೆಸರಿಲ್ಲ. ಈ ಊರಿನ ಅರ್ಧ ಅಂಗಡಿಗಳ ಬೋರ್ಡು ನನ್ನ ಕೈಬರಹದ್ದು. ನಮ್ಮ ಮನೆಯ ಒಂದು ಡಬ್ಬಕ್ಕೆ ಹೆಸರು ಬರೆದುಕೊಡಬೇಕೆಂದು ನನಗೆ ತೋಚಿರಲಿಲ್ಲ, ಅವಳು ಕೇಳಿರಲಿಲ್ಲ. ಒಂದೊಂದಾಗಿ ತೆರೆಯುತ್ತ ಹೋದೆ. ಉದ್ದು, ಹೆಸರು, ಹುರುಳಿ, ಮೆಂತ್ಯ. ಹುರಿಗಡಲೆ ಹುಡುಕುತ್ತ ಮೂಲೆಯ ಡಬ್ಬ ತೆರೆದರೆ ಅದರಲ್ಲಿ ಕಾಳಿರಲಿಲ್ಲ, ಕಾಗದಗಳಿದ್ದವು. ಎಲ್ಲ ಗೌರಕ್ಕನ ಕಾರ್ಡುಗಳು. ‘ಮಂಗಳ, ಈ ಸಲವಾದರೂ ಬಾ. ಸಮುದ್ರ ನೋಡಿಕೊಂಡು ಬರೋಣ.’ ‘ಮಂಗಳ, ಹೋದ ವರ್ಷ ಬರಲಿಲ್ಲ. ಈ ಬೇಸಿಗೆಗೆ ಬಾ.’ ‘ಮೇಷ್ಟ್ರಿಗೆ ಎಂಟು ದಿನ ಅಡುಗೆಗೆ ಯಾರಾದರೂ ಸಿಗುವುದಿಲ್ಲವೇ?’ ಬೇಸಿಗೆಗೊಂದರಂತೆ ಹದಿನಾಲ್ಕು ಇದ್ದವು. ಎತ್ತು ಬಂದದ್ದು ಕಳೆದ ಆಷಾಢದಲ್ಲಷ್ಟೇ.

ನಾನು ಮುಚ್ಚಳ ಹಾಕಿ ಡಬ್ಬವನ್ನು ಇದ್ದಲ್ಲೇ ಇಟ್ಟೆ. ಅವಳು ಹೊರಗೆ ನೋಡುತ್ತ ಕೂತಿದ್ದಳು.

“ಹುರಿಗಡಲೆ ಅದರ ಪಕ್ಕದ್ದರಲ್ಲಿದೆ,” ಎಂದಳು. ಏಳಲಿಲ್ಲ.

ಆಮೇಲೆ ಏನಾಯಿತೆಂದು ವಿವರಿಸುವುದು ನನ್ನ ವೃತ್ತಿಗೌರವಕ್ಕೆ ಒಳ್ಳೆಯದಲ್ಲ. ಕಾಗದದ ಮೇಲೆ ಎತ್ತು ನಿಂತ ಹಾಗೆ ತಟ್ಟೆಯ ಮೇಲೆ ನಿಲ್ಲಲಿಲ್ಲ. ಪಾಕ ಹದ ಮೀರಿತು, ಉಂಡೆ ಕಟ್ಟಿದರೆ ಕೈಗೇ ಅಂಟಿತು, ಬಿಡಿಸಿದರೆ ಉದುರಿತು. ಕೋಡುಬಳೆ ಎಣ್ಣೆಯೊಳಗೆ ಬಿಚ್ಚಿಕೊಂಡು ಗೆರೆಯಾಯಿತು. ಹದಿನೆಂಟರಲ್ಲಿ ಕೊಂಬು ಎನ್ನಬಹುದಾದದ್ದು ಎರಡು, ಒಂದು ಕಪ್ಪು, ಒಂದು ಕೆಂಪು. ಹಪ್ಪಳದ ಕಿವಿ ಒಂದು ನೆಟ್ಟಗೆ, ಇನ್ನೊಂದು ಜೋತುಬಿದ್ದಿತ್ತು. ಎರಡು ಬೆರಳು ಸುಟ್ಟುಕೊಂಡೆ. ಅಷ್ಟರಲ್ಲಿ ಒಂದು ಸಲವೂ ಅವಳನ್ನು ಏಳಿಸಲಿಲ್ಲ. ಗಂಟೆ ಸಂಜೆಯವರೆಗೆ ಸುಮ್ಮನಿತ್ತು.

ಮಾರನೆಯ ದಿನ ಛತ್ರ ತುಂಬಿತ್ತು. ಸಾಲಾಗಿ ತಟ್ಟೆಗಳು, ಅದರಲ್ಲಿ ಅರ್ಧಕ್ಕೆ ನಕ್ಷೆ ನನ್ನದೇ. ನನ್ನ ನಕ್ಷೆಯ ನರಿ, ನನ್ನ ನಕ್ಷೆಯ ಬೆಕ್ಕು, ಎಲ್ಲ ಜೀವ ಬಂದ ಹಾಗೆ ಕೂತಿದ್ದವು. ಅವುಗಳ ನಡುವೆ ನಾನು ನನ್ನ ತಟ್ಟೆ ಹಿಡಿದು ನಡೆದೆ. ಇಷ್ಟು ವರ್ಷ ಯಾರ ಕಿವಿ ಮೊಲದ್ದಾಯಿತೆಂದು ಹೇಳಿದ್ದೆನೋ ಅವರೆಲ್ಲ ಕತ್ತು ಚಾಚಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಇದೇನು, ಮೇಷ್ಟ್ರೇ?” ಎಂದು ರುದ್ರಮುನಿಯಪ್ಪನವರು ಕನ್ನಡಕ ಸರಿಮಾಡಿಕೊಂಡರು.

“ಎತ್ತು.”

“ಹಂದಿಗೆ ಕೊಂಬು ಬಂದ ಹಾಗಿದೆಯಲ್ಲ,” ಎಂದು ಹುಚ್ಚೀರಪ್ಪ ಹಿಂದಿನಿಂದ ಮೆಲ್ಲಗೆ ಅಂದ. ಅವನು ಕೆಟ್ಟವನಲ್ಲ. ಕಂಡದ್ದು ಹೇಳಿದ.

“ಯಾವ ಪ್ರಾಣಿ ಅಂತ ಗೊತ್ತಾಗದಿದ್ರೆ ತಟ್ಟೆ ಎತ್ತಿಡಬೇಕಾಗತ್ತೆ,” ಎಂದು ಯಜಮಾನರು ನಿಯಮ ನೆನಪಿಸಿದರು. “ತಿನ್ನೋರು ಒಪ್ಪಿದ್ರೆ ಸರಿ. ಏನಮ್ಮ, ಇದು ಏನು?”

ಸರ್ವಮಂಗಳ ಬಗ್ಗಿ ತಟ್ಟೆ ನೋಡಿದಳು. ಅವಳು ‘ಗೊತ್ತಾಗಲಿಲ್ಲ’ ಎನ್ನಬಹುದಿತ್ತು. ಎಂದಿದ್ದರೆ ನನಗೆ ಹೇಳಲು ಏನಿತ್ತು? ಅವಳು ಎತ್ತಿನ ಕಣ್ಣಿನ ಮೇಲಿದ್ದ ಎರಡು ವೀಳ್ಯದೆಲೆಯ ತುಂಡು ನೋಡಿದಳು, ನನ್ನ ಸುಟ್ಟ ಬೆರಳು ನೋಡಿದಳು.

“ಎತ್ತೇ,” ಎಂದಳು. “ಗಾಣದ್ದು. ನಂಗೊತ್ತು.”

ನಾನು ಮಾತು ಹೇಳಬೇಕಿತ್ತು. ಸಾವಿರ ಜನ ಹೇಳಿದ್ದನ್ನು ಕೇಳಿದ್ದೇನೆ, ದನಿ ಸಾಲದೆಂದು ಎಷ್ಟೋ ಜನರಿಂದ ಎರಡೆರಡು ಸಲ ಹೇಳಿಸಿದ್ದೇನೆ. “ಎತ್ತು ತಟ್ಟೆಯಲ್ಲಿದೆ,” ಎಂದೆ. ಮುಂದಿನದು ಬರಲಿಲ್ಲ. ಜನ ಕಾದರು. “ನೀನು ಎತ್ತಲ್ಲ, ಮಂಗಳ,” ಎಂದೆ. ಹೆಸರು ಹಿಡಿದು ಕರೆಯುವುದು ನಿಯಮದಲ್ಲಿಲ್ಲ. ಬಾಯಿಗೆ ಬಂತು.

ಅವಳು ಮೊದಲು ಕಣ್ಣಿನ ಪಟ್ಟಿ ತೆಗೆದು ಬಾಯಿಗೆ ಹಾಕಿಕೊಂಡಳು. ಆಮೇಲೆ ಕಪ್ಪು ಕೊಂಬು. ಅದು ಕಟಕ್ ಎಂದು ಮುರಿದ ಸದ್ದು ಛತ್ರದ ಕೊನೆಗೂ ಕೇಳಿಸಿತು. ಕೆಂಪು ಕೊಂಬು, ಕಿವಿ, ಕಾಲು, ಅಂಟುವ ಮೈ, ಎಲ್ಲ ತಿಂದಳು. ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಗೋಡಂಬಿಯ ಗಂಟೆ ಬಾಯಿಗೆ ಹಾಕಿ, ತಟ್ಟೆ ಬೋರಲು ಮಾಡಿ ತೋರಿಸಿದಳು.

“ತಿಂದೆ,” ಎಂದಳು. “ಉಪ್ಪು ಜಾಸ್ತಿ.”

“ಮುಗಿಯಿತು ಅನ್ನಬೇಕಮ್ಮ,” ಎಂದರು ಯಜಮಾನರು.

“ಅದನ್ನ ಆಮೇಲೆ ನೋಡೋಣ, ಯಜಮಾನರೇ. ಎತ್ತು ಹೋಗೋದಕ್ಕೆ ಇಷ್ಟು ಸಾಲದಾ?”

ಅವರು ನಶ್ಯದ ಡಬ್ಬಿ ತೆಗೆದರು. ಸಾಲುತ್ತದೆ ಎಂದರು.

ಸಂಜೆ ಹಿತ್ತಿಲಿಗೆ ಹೋದಾಗ ಎತ್ತು ನಿಂತಿತ್ತು. ಕಣ್ಣಿನ ಪಟ್ಟಿ ನೆಲದ ಮೇಲೆ ಬಿದ್ದಿತ್ತು. ನಲವತ್ತೆರಡು ಚಿತ್ರ ಬರೆದ ನಾನು ಅದರ ಕಣ್ಣನ್ನು ಅವತ್ತೇ ಮೊದಲು ನೋಡಿದ್ದು. ಅದು ಕರಿಬೇವಿನ ಮರ ನೋಡಿತು, ತಾನು ತುಳಿದ ತಗ್ಗು ನೋಡಿತು. ಆಮೇಲೆ ಸೀದಾ ನಡೆದು ಹಿತ್ತಿಲ ಬಾಗಿಲು ದಾಟಿ, ಬೀದಿ ದಾಟಿ, ಎಡಕ್ಕೂ ಬಲಕ್ಕೂ ತಿರುಗದೆ ಹೋಯಿತು. ಸರ್ವಮಂಗಳ ಕಾಣುವಷ್ಟು ದೂರ ನೋಡಿದಳು.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ, ಕಾಗದದಲ್ಲಿ ಮೊದಲೇ ಗೊತ್ತುಮಾಡಿದ್ದ ಹಾಗೆ, ಗೌರಕ್ಕ ರಾತ್ರಿಯೇ ಹೊರಟು ಜೀಪಿನಲ್ಲಿ ಬಂದಳು. ಇವಳ ಚೀಲ ಹೊಸಿಲ ಬಳಿ ಸಿದ್ಧವಾಗಿತ್ತು.

“ಎಷ್ಟು ದಿನ?” ಎಂದು ಕೇಳಿದೆ.

“ಸಮುದ್ರ ದೊಡ್ಡದಂತೆ,” ಎಂದಳು. “ನೋಡಿ ಮುಗಿದ ಮೇಲೆ ಬರ್ತೀನಿ.”

ನಾನು ಆರಾಮಕುರ್ಚಿಯಲ್ಲಿ ಕೂತೆ. ಮೊದಲ ದಿನ ಹಾಲು ಉಕ್ಕಿತು, ಎರಡನೆಯ ದಿನ ಒಡೆಯಿತು. ಮೂರನೆಯ ದಿನ ಕಾಫಿಗೆ ಸಕ್ಕರೆ ಎಂದು ಹಾಕಿದ್ದು ಸಬ್ಬಕ್ಕಿ. ನಾಲ್ಕನೆಯ ದಿನ ಕರಿಬೇವು ಕೀಳಲು ಹಿತ್ತಿಲಿಗೆ ಹೋಗಿ ಆ ತಗ್ಗಿನಲ್ಲಿ ಕಾಲಿಟ್ಟೆ. ಮೊಣಕಾಲವರೆಗೆ ಇಳಿಯಿತು. ಮಾಘದಲ್ಲಿ ಗೇಣುದ್ದವಿತ್ತು, ಆಮೇಲೆ ನಾನು ನೋಡಿರಲೇ ಇಲ್ಲ. ಒಂದು ವರ್ಷ ತುಂಬುವ ಮೊದಲೇ ಎತ್ತು ಇಷ್ಟು ತುಳಿದಿದ್ದರೆ, ಮೂವತ್ತನಾಲ್ಕು ವರ್ಷದಲ್ಲಿ ಅವಳು ಎಷ್ಟು ತುಳಿದಿರಬೇಕು. ನಾನು ಕುರ್ಚಿಯಲ್ಲಿ ಕೂತು ಹಿಂಗಾಲು ಬರೆಯುತ್ತಿದ್ದೆ.

“ಎಂಥಾ ಕತ್ತೆ ನಾನು,” ಎಂದೆ. ಗಟ್ಟಿಯಾಗಿಯೇ ಹೇಳಿದೆ. ಸಿಟ್ಟೂ ನಿಜವಾದದ್ದೇ.

ದೀಪ ಹಚ್ಚುವ ಹೊತ್ತಿಗೆ ಅದು ಬಾಗಿಲಲ್ಲಿತ್ತು. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಜೋತುಬಿದ್ದದ್ದು. ರುದ್ರಮುನಿಯಪ್ಪನವರು ಕೋಲೂರಿಕೊಂಡು ಬಂದು ನೋಡಿದರು. ಊರಿನ ಯಾವ ಪ್ರಾಣಿಯನ್ನು ನೋಡುವುದಕ್ಕೂ ಅವರು ಇಷ್ಟು ದೂರ ನಡೆದದ್ದಿಲ್ಲ.

“ಈ ಮಾತು ನಿಮ್ಮ ಬಾಯಿಗೆ ಬರೋ ಹಾಗೆ ಮಾಡಿದ್ದು ಯಾರು, ಮೇಷ್ಟ್ರೇ?”

ಸರ್ವಮಂಗಳಳ ಹೆಸರು ಹೇಳಬಹುದಿತ್ತು. ಹೇಳಿದ್ದರೆ ಮುಂದಿನ ಯುಗಾದಿಗೆ ಅವಳು ತಟ್ಟೆ ಮಾಡಬೇಕಾಗುತ್ತಿತ್ತು. ಅವಳು ಮಾಡಿದ ಕತ್ತೆ ಕತ್ತೆಯ ಹಾಗೇ ಇರುತ್ತಿತ್ತು, ಉಪ್ಪೂ ಸರಿಯಿರುತ್ತಿತ್ತು.

“ಯಾರೂ ಅಲ್ಲ,” ಎಂದೆ. “ನಾನೇ ನೋಡಿ ಹೇಳಿದ್ದು.”

“ಹಾಗಾದ್ರೆ ಹುಲ್ಲು ಎಲ್ಲಿ ಸಿಗತ್ತೆ ಅಂತ ಹುಚ್ಚೀರಪ್ಪನ್ನ ಕೇಳಿ,” ಎಂದು ಹೊರಟುಹೋದರು.

ಹದಿನೆಂಟನೆಯ ದಿನ ಅವಳು ಬಂದಳು. ಮುಖ ಬಿಸಿಲಿಗೆ ಕಪ್ಪಾಗಿತ್ತು, ಸೆರಗಿನ ತುದಿಯಲ್ಲಿ ಕಪ್ಪೆಚಿಪ್ಪಿನ ಗಂಟು. ಬಾಗಿಲಲ್ಲಿ ಕತ್ತೆ ನೋಡಿ ನಿಂತಳು. ಅದರ ಜೋತುಬಿದ್ದ ಕಿವಿಯನ್ನು ಎತ್ತಿ ಬಿಟ್ಟಳು. ಅದು ಮತ್ತೆ ಜೋತುಬಿತ್ತು.

“ಯಾರು ಅಂದದ್ದು?”

“ನಾನೇ ಅಂದುಕೊಂಡೆ.”

“ನೀವೇ ಅಂದುಕೊಂಡದ್ದು,” ಎಂದಳು. “ನೀವೇ ಮಾಡಿ, ನೀವೇ ತಿನ್ನಿ.” ನಕ್ಕಳೋ ಇಲ್ಲವೋ ನನಗೆ ಸರಿಯಾಗಿ ಕಾಣಲಿಲ್ಲ, ಅಷ್ಟರಲ್ಲಿ ಒಳಗೆ ಹೋಗಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾಲು ನೋಡಿದಳು. ಇಪ್ಪತ್ತೇಳು ಡಬ್ಬಗಳ ಮೇಲೂ ನನ್ನ ಕೈಬರಹವಿತ್ತು. ಮೂಲೆಯ ಡಬ್ಬದ ಮೇಲೆ ‘ಗೌರಕ್ಕ’ ಎಂದು ಬರೆದಿದ್ದೆ. ಅದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು ನನ್ನ ಆರಾಮಕುರ್ಚಿಯಲ್ಲಿ ಕೂತು ಕಾಲು ನೀಡಿದಳು.

“ಕಾಫಿ ಆಗತ್ತಾ?” ಎಂದಳು. “ಸಕ್ಕರೆ ಸ್ವಲ್ಪ ಕಡಿಮೆ ಇರಲಿ.”

ನಾನು ಒಳಗೆ ಹೋದೆ. ಸಕ್ಕರೆ ಎಲ್ಲಿದೆ ಎಂದು ಕೇಳಲಿಲ್ಲ.